ನಡೆಯುವವರ ಪಾಲಿನ ದಾರಿ

ಬಳ್ಳಾರಿಯಿಂದ ಚಳ್ಳಕೆರೆ, ಹಿರಿಯೂರುಗಳ ಕಡೆಗೆ ಹೊರಟವರಿಗೆ ಹಲಕುಂದಿ ಬಹಳ ಬೇಗ ಸಿಕ್ಕುವ ಊರು. ಬಸ್ಸಿನ ಕಿಟಕಿಯ ಪಕ್ಕದಲ್ಲಿ ಕುಳಿತವರಿಗೆ ಅದು ಅರೆಗಳಿಗೆಯ ನೋಟ. ಕಂಡಕ್ಟರು ಕೊಟ್ಟ ಚಿಲ್ಲರೆಯನ್ನು ಎಣಿಸಿ ಜೇಬಿಗೆ ಹಾಕುವಷ್ಟರಲ್ಲಿ ಊರು ಹಿಂದೆ ಸರಿದಿರುತ್ತದೆ. ಆದರೆ ಹೆದ್ದಾರಿಯ ಮಗ್ಗುಲಲ್ಲಿರುವ ಇಂಥ ಊರನ್ನು ಒಮ್ಮೆ ಬಸ್ಸಿನಿಂದ ಇಳಿದು, ನಡೆದು ನೋಡಬೇಕು. ತಲೆಯ ಮೇಲೆ ಮೇವಿನ ಹೊರೆ ಹೊತ್ತ ಹೆಂಗಸೊಬ್ಬಳು, ಪುಸ್ತಕದ ಚೀಲ ನೇತುಹಾಕಿಕೊಂಡ ಹುಡುಗನೊಬ್ಬ ರಸ್ತೆಯ ಅಂಚಿನಲ್ಲಿ ನಿಂತು, ಬಲಕ್ಕೊಮ್ಮೆ ಎಡಕ್ಕೊಮ್ಮೆ ನೋಡಿ, ಒಂದು ಲಾರಿ ಹೋಗಲೆಂದು ಕಾದು, ಅದರ ಹಿಂದೆಯೇ ಇನ್ನೊಂದು ಬರುವುದನ್ನು ಕಂಡು ಹಿಂದೆ ಸರಿದು, ಕಡೆಗೆ ಜೀವ ಬಿಗಿಹಿಡಿದು ಓಡಿ ದಾಟುವ ದೃಶ್ಯ ನಿಮಗೂ ಹೊಸದಲ್ಲ. ಕಿಟಕಿಯಲ್ಲಿ ಕುಳಿತವರಿಗೆ ರಸ್ತೆಯು ಊರೂರನ್ನು ಸೇರಿಸುವ ಸಾಧನ. ಅಂಚಿನಲ್ಲಿ ನಿಂತವರಿಗೆ ಅದೇ ರಸ್ತೆಯು ಒಂದೂರನ್ನು ಎರಡಾಗಿ ಸೀಳಿದ ಹೊಳೆ.

ಹೀಗೇಕೆ ಆಯಿತು? ಚಾಲಕರ ಅವಸರವೆನ್ನುತ್ತೇವೆ, ನಡೆಯುವವರ ಅಜಾಗರೂಕತೆ ಎನ್ನುತ್ತೇವೆ. ಎರಡೂ ಇರಬಹುದು. ಆದರೆ ಇವೆರಡಕ್ಕೂ ಹಿಂದೆ ಮತ್ತೊಂದು ಕಾರಣವಿದೆ. ಅದು ಕಣ್ಣಿಗೆ ಕಾಣದು. ಕಾವ್ಯಕ್ಕೆ ಲಕ್ಷಣಗ್ರಂಥವಿರುವಂತೆ ರಸ್ತೆಗೂ ಒಂದು ಲಕ್ಷಣಗ್ರಂಥವಿದೆ. ರಸ್ತೆ ಎಷ್ಟು ಅಗಲವಿರಬೇಕು, ತಿರುವು ಎಷ್ಟು ಬಾಗಬೇಕು, ಎಷ್ಟು ವೇಗಕ್ಕೆ ಅದನ್ನು ರಚಿಸಬೇಕು, ದಾಟುವ ಸ್ಥಳವನ್ನು ಎಲ್ಲಿ ಮಾಡಬೇಕು ಎಂಬುದೆಲ್ಲ ಅದರಲ್ಲಿ ಅಂಕಿಗಳಲ್ಲಿ ಬರೆದಿಟ್ಟಿರುತ್ತದೆ. ಆ ಅಂಕಿಗಳನ್ನು ಹಾಕುವಾಗ ಯಾರನ್ನು ಮನಸ್ಸಿನಲ್ಲಿಟ್ಟುಕೊಂಡರು ಎಂಬುದೇ ನಾವು ಕೇಳಬೇಕಾದ ಪ್ರಶ್ನೆ. ಒಂದೊಂದು ಕಾಲವೂ ಒಬ್ಬೊಬ್ಬ ಪ್ರಯಾಣಿಕನನ್ನು ಅಳತೆಗೋಲಾಗಿ ಹಿಡಿದಿದೆ. ಆ ಅಳತೆಗೋಲುಗಳ ಚರಿತ್ರೆಯನ್ನು ಇಲ್ಲಿ ಸ್ವಲ್ಪ ಅವಲೋಕಿಸೋಣ.

ಇದೇ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನಿಂದ ಆರಂಭಿಸಬಹುದು. ಅಲ್ಲಿನ ನಿಟ್ಟೂರು ಮತ್ತು ಉಡೇಗೋಳಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳು 1970ರ ದಶಕದಲ್ಲಿ ಬೆಳಕಿಗೆ ಬಂದವು. ಅಶೋಕನೆಂಬ ಹೆಸರೇ ಕಾಣುವ ಕೆಲವೇ ಶಾಸನಗಳಲ್ಲಿ ಇವೂ ಸೇರಿವೆ. ಈ ಬಂಡೆಗಳ ಮೇಲೆ ರಸ್ತೆಯ ಮಾತು ಇಲ್ಲ, ನಿಜ. ಆದರೆ ಆ ದೊರೆಯ ಇತರ ಶಾಸನಗಳಲ್ಲಿ, ಮುಖ್ಯವಾಗಿ ಈಗ ದೆಹಲಿಯಲ್ಲಿರುವ ಸ್ತಂಭವೊಂದರ ಮೇಲೆ, ದಾರಿಯುದ್ದಕ್ಕೂ ಆಲದ ಮರಗಳನ್ನು ನೆಡಿಸಿದ, ಗೊತ್ತಾದ ದೂರಕ್ಕೊಂದು ಬಾವಿ ತೋಡಿಸಿದ, ತಂಗುವ ನೆಲೆಗಳನ್ನು ಕಟ್ಟಿಸಿದ ವಿವರವಿದೆ. ಇವೆಲ್ಲ ಯಾರಿಗಾಗಿ? ಪಶುಗಳಿಗಾಗಿ ಮತ್ತು ಮನುಷ್ಯರಿಗಾಗಿ. ದಾರಿಯ ಅಗಲವೆಷ್ಟೆಂದು ಅಲ್ಲಿ ಹೇಳಿಲ್ಲ. ನೆರಳೆಷ್ಟು, ನೀರೆಷ್ಟು ಎಂಬುದೇ ಅಲ್ಲಿನ ಲೆಕ್ಕ. ಬಳ್ಳಾರಿಯ ಬೇಸಗೆಯನ್ನು ಬಲ್ಲ ಯಾರಿಗೂ ಈ ಲೆಕ್ಕದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಡೆಯುವವರನ್ನು ಅಳತೆಗೋಲಾಗಿ ಹಿಡಿದರೆ ರಸ್ತೆಯ ಮೊದಲ ಲಕ್ಷಣ ನೆರಳೇ ಆಗುತ್ತದೆ.

ಈ ದೃಷ್ಟಿ ಅರಮನೆಯ ಶಾಸನಗಳಲ್ಲಿ ಮಾತ್ರ ಇದ್ದುದಲ್ಲ, ಜನರ ನಡವಳಿಕೆಯಲ್ಲೂ ಇದ್ದಿತು. ಸಾಲುಮರ ನೆಡಿಸುವುದು, ಬೇಸಗೆಯಲ್ಲಿ ಅರವಟ್ಟಿಗೆ ಇಡಿಸುವುದು ನಮ್ಮಲ್ಲಿ ಪುಣ್ಯಕಾರ್ಯಗಳು. ಕನ್ನಡ ನಾಡಿನ ಹಳೆಯ ದಾರಿಗಳಲ್ಲಿ ಹೊರೆ ಇಳಿಸುವ ಕಲ್ಲುಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಎರಡು ನಿಲುವುಗಲ್ಲು, ಅವುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ. ಎತ್ತರ ಸರಿಯಾಗಿ ಆಳಿನ ಹೆಗಲಿನಷ್ಟು. ಹೊರೆ ಹೊತ್ತು ಒಂಟಿಯಾಗಿ ಬಂದವರು ಇನ್ನೊಬ್ಬರ ಸಹಾಯವಿಲ್ಲದೆ ಅದನ್ನು ಚಪ್ಪಡಿಗೆ ಜಾರಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೆ ಏರಿಸಿಕೊಳ್ಳಬಹುದು. ಅದನ್ನು ನಿಲ್ಲಿಸಿದವರಿಗೆ ಯಾವ ಕೈಪಿಡಿಯೂ ಇರಲಿಲ್ಲ. ನಡೆಯುವವರ ಕಷ್ಟವನ್ನು ಅವರು ಬಲ್ಲವರಾಗಿದ್ದರು. ಕಲ್ಲಿನ ಎತ್ತರವನ್ನು ಆ ಅರಿವೇ ನಿಶ್ಚಯಿಸಿತು.

ಇನ್ನು ಅಂಕಿಗಳಲ್ಲಿ ಬರೆದ ಲಕ್ಷಣಕ್ಕೆ ಬರೋಣ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯ ಪ್ರತಿಯನ್ನು 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಮಾಡಿಸಿ, ಲೋಕಕ್ಕೆ ಕೊಟ್ಟವರು ಆರ್. ಶಾಮಶಾಸ್ತ್ರಿಗಳು ಎಂಬುದು ಕನ್ನಡಿಗರು ಹೆಮ್ಮೆಪಡುವ ಸಂಗತಿ. ಆ ಗ್ರಂಥದಲ್ಲಿ ದಾರಿಗಳ ಒಂದು ಪಟ್ಟಿಯಿದೆ. ರಾಜಮಾರ್ಗಕ್ಕೆ 4 ದಂಡ, ಎಂದರೆ ಸುಮಾರು 24 ಅಡಿ. ರಥ ಹೋಗುವ ದಾರಿಗೆ 5 ಮೊಳ. ದನ ಹೋಗುವ ದಾರಿಗೆ 4 ಮೊಳ. ಕುರಿಮೇಕೆಯಂಥ ಸಣ್ಣ ಪಶುಗಳಿಗೂ ಮನುಷ್ಯರಿಗೂ ಸೇರಿಸಿ 2 ಮೊಳ, ಎಂದರೆ ಸುಮಾರು 3 ಅಡಿ. ದಾರಿಯನ್ನು ಅಡ್ಡಗಟ್ಟಿದವನಿಗೆ ದಂಡವನ್ನೂ ಇದೇ ಕ್ರಮದಲ್ಲಿ ವಿಧಿಸಿದೆ. ಕಾಲುದಾರಿಯನ್ನು ಮುಚ್ಚಿದರೆ 12 ಪಣ, ದನದ ದಾರಿಗೆ 24 ಪಣ. ದೊಡ್ಡ ದಾರಿಗಳಿಗೆ ದಂಡ ಏರುತ್ತಾ ಸಾವಿರ ಪಣಕ್ಕೆ ಮುಟ್ಟುತ್ತದೆ.

ಈ ಪಟ್ಟಿಯಿಂದ ಎರಡು ಸಂಗತಿಗಳು ತಿಳಿಯುತ್ತವೆ. ನಡೆಯುವವರ ಜಾಗ ಎಲ್ಲಕ್ಕಿಂತ ಕಿರಿದು, ಅದನ್ನು ಕಸಿದರೆ ದಂಡವೂ ಎಲ್ಲಕ್ಕಿಂತ ಕಡಿಮೆ ಎಂಬುದು ಒಂದು. ಹಾಗಿದ್ದರೂ ಅವರಿಗೆಂದೇ ಒಂದು ದಾರಿಯಿತ್ತು, ಅದಕ್ಕೊಂದು ಅಳತೆಯಿತ್ತು, ಕಸಿದವನಿಗೆ ದಂಡವಿತ್ತು ಎಂಬುದು ಇನ್ನೊಂದು. ಕಿರಿದಾದರೂ ಅದು ಹಕ್ಕಿನ ಜಾಗ; ಉಳಿದುಬಿದ್ದ ಜಾಗವಲ್ಲ. ಈ ಭೇದವನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ದೇವಾಲಯದ ಊರುಗಳಲ್ಲಿ ಅಳತೆಗೋಲಾದುದು ತೇರು. ಹಂಪೆಯ ವಿರೂಪಾಕ್ಷನ ಮುಂದಣ ಬೀದಿ ಮುಕ್ಕಾಲು ಕಿಲೋಮೀಟರಿನಷ್ಟು ನೀಳವಾಗಿ, ಎದುರು ಬಸವಣ್ಣನವರೆಗೆ ಹಾಸಿದೆ. ಎರಡು ಮಗ್ಗುಲಲ್ಲೂ ಕಲ್ಲುಕಂಬದ ಮಂಟಪಗಳ ಸಾಲು. ತೇರು ವರ್ಷಕ್ಕೆ ಒಂದೆರಡು ದಿನ ಮಾತ್ರ ಹರಿಯುತ್ತದೆ. ಮಿಕ್ಕ ದಿನಗಳಲ್ಲಿ ಆ ಅಗಲವೆಲ್ಲ ನಡೆಯುವವರದು, ಕೊಳ್ಳುವವರದು, ಮಾರುವವರದು. ಕುರುಗೋಡಿನ ದೊಡ್ಡಬಸವೇಶ್ವರನ ತೇರಿನ ದಾರಿಯಲ್ಲಾಗಲಿ, ನಿಮ್ಮೂರಿನ ಯಾವುದೇ ತೇರುಬೀದಿಯಲ್ಲಾಗಲಿ ಈ ಸುಖವನ್ನು ನೀವು ಕಂಡಿರಬಹುದು. ಅತಿ ದೊಡ್ಡ ವಾಹನಕ್ಕಾಗಿ ಬೀದಿಯನ್ನು ಅಗಲ ಮಾಡಿದ್ದರೂ, ಆ ವಾಹನವನ್ನು ಎಳೆಯುವವರೇ ಕಾಲ್ನಡಿಗೆಯ ಜನ. ಅದು ಹೋಗುವುದೂ ಅವರ ಹೆಜ್ಜೆಯ ವೇಗದಲ್ಲೇ. ಬೀದಿಯ ಅಗಲಕ್ಕಿಂತ ಅದರಲ್ಲಿ ಹರಿಯುವ ವಾಹನದ ವೇಗವೇ ನಡೆಯುವವರ ಪಾಲಿಗೆ ಮುಖ್ಯವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಹೊರನಾಡುಗಳಲ್ಲೂ ಈ ವಿಚಾರ ಹಳೆಯದೇ. ಕ್ರಿಸ್ತಶಕ 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪಾಂಪೇ ನಗರದ ಬೀದಿಗಳ ಇಕ್ಕೆಲಗಳಲ್ಲಿ ಎತ್ತರಿಸಿದ ಕಾಲುದಾರಿಗಳಿವೆ. ದಾಟುವ ಕಡೆಗಳಲ್ಲಿ ಬೀದಿಯ ನಡುವೆ ದಪ್ಪ ಹೆಜ್ಜೆಗಲ್ಲುಗಳನ್ನು ನಿಲ್ಲಿಸಿದ್ದಾರೆ. ಬಂಡಿಯ ಚಕ್ರಗಳು ಅವುಗಳ ಸಂದಿಯಲ್ಲಿಯೇ ಹಾಯಬೇಕು. ದಾಟುವ ಮನುಷ್ಯ ಮೇಲಿನಿಂದ ಕೆಳಗಿಳಿಯಬೇಕಾಗಿಲ್ಲ, ಬಂಡಿಯೇ ನಿಧಾನಿಸಬೇಕು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿ 1762ರ ಕಾಯಿದೆಯ ತರುವಾಯ ಚಪ್ಪಡಿ ಹಾಸಿ, ಅಂಚುಗಲ್ಲು ಕಟ್ಟಿ, ಕಾಲುದಾರಿಗಳನ್ನು ಬೇರ್ಪಡಿಸಿದರು. ಇಂದು ನಾವು ಫುಟ್‌ಪಾತ್ ಎನ್ನುವುದು ಈ ಮಾದರಿಯನ್ನೇ.

ಆದರೆ ಆ ಫುಟ್‌ಪಾತ್ ಇಂಗ್ಲಿಷರ ಹಿಂದೆಯೇ ಬಳ್ಳಾರಿಗೆ ಬರಲಿಲ್ಲ. ನಿಜಾಮನು 1800ರಲ್ಲಿ ಈ ಸೀಮೆಯನ್ನು ಕಂಪೆನಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ ಮೊದಲ ಪ್ರಧಾನ ಕಲೆಕ್ಟರಾಗಿ ಬಂದನು. ಬಳ್ಳಾರಿಯು ದಂಡಿನ ಊರಾಯಿತು. ಕಂಟೋನ್ಮೆಂಟಿನ ರಸ್ತೆಗಳು ಸಿಪಾಯಿಗಳ ಸಾಲಿಗೂ ತೋಪಿನ ಗಾಡಿಗೂ ಹೊಂದುವಂತೆ ಅಗಲವಾಗಿ, ನೇರವಾಗಿ ಹರಿದವು. ದಂಡಿಗೆ ದಿನಸಿ ಒದಗಿಸುವವರ ಕೌಲ್ ಬಜಾರು ಅದರ ಪಕ್ಕದಲ್ಲಿ ಇಕ್ಕಟ್ಟಾಗಿ ಬೆಳೆಯಿತು. ಇಂದಿಗೂ ಈ ಎರಡು ಭಾಗಗಳಲ್ಲಿ ನಡೆದು ನೋಡಿದರೆ ಎರಡು ಅಳತೆಗೋಲುಗಳ ಗುರುತು ಪಾದಗಳಿಗೆ ತಿಳಿಯುತ್ತದೆ. ಒಂದು ಕಡೆ ಅಗಲವಿದೆ, ಆದರೆ ಕೆಲಸವಿರುವ ಬಾಗಿಲುಗಳು ದೂರ ದೂರ. ಇನ್ನೊಂದು ಕಡೆ ಅಗಲವಿಲ್ಲ, ಆದರೆ ಹತ್ತು ಹೆಜ್ಜೆಗೊಂದು ಅಂಗಡಿ, ಒಂದು ಮಾತು, ಒಂದು ನೆರಳು.

ಆ ಶತಮಾನದಲ್ಲಿ ಜಲ್ಲಿ ರಸ್ತೆಯೂ ಬಂದಿತು. ಸ್ಕಾಟ್ಲೆಂಡಿನ ಜಾನ್ ಮೆಕಾಡಮ್ ಎಂಬ ಶಿಲ್ಪಿ ರೂಪಿಸಿದ ಕ್ರಮವದು. ಕಲ್ಲನ್ನು ಕೈಮುಷ್ಟಿಗಿಂತ ಸಣ್ಣದಾಗಿ ಒಡೆದು ಹರವಿ, ನಡುವೆ ಉಬ್ಬಿಸಿ, ನೀರು ಎರಡು ಅಂಚಿಗೂ ಹರಿದುಹೋಗುವಂತೆ ಮಾಡುವುದು. ನಡುವೆ ಒಣಗಿದ ನೆಲ. ಅಂಚಿನಲ್ಲಿ ನೀರು, ಕೆಸರು. ಗಾಡಿ ನಡುವೆ ಹೋಗುತ್ತದೆ. ಕಾಲ್ನಡಿಗೆಯವರು ಅಂಚಿನಲ್ಲಿ ಹೋಗುತ್ತಾರೆ. ಅಂದರೆ ರಸ್ತೆಯನ್ನು ಉಳಿಸುವ ಉಪಾಯವೇ ನಡೆಯುವವರ ಪಾದಕ್ಕೆ ಕೆಸರನ್ನು ತಂದಿಟ್ಟಿತು. ಈಗ ಜಲ್ಲಿಯ ಮೇಲೆ ಡಾಂಬರು ಬಂದಿದೆ. ಹಳೆಯ ಪದರದ ಮೇಲೆ ಹೊಸ ಪದರ ಹಾಕುತ್ತ ಹೋದ ಕಡೆಗಳಲ್ಲಿ ರಸ್ತೆ ಏರಿ, ಅಂಚಿನ ಮಣ್ಣು ತಗ್ಗಿ, ನಡುವೆ ಒಂದು ಗೇಣಿನ ಮೆಟ್ಟಿಲಾಗುತ್ತದೆ. ಸೈಕಲ್ಲಿನವರು ಉರುಳುವುದೂ ವೃದ್ಧರು ಎಡವುವುದೂ ಅಲ್ಲಿಯೇ.

ಆ ಜಲ್ಲಿಯನ್ನು ಒಡೆದವರು ಯಾರು ಎಂಬುದನ್ನೂ ಮರೆಯಬಾರದು. 1876ರಿಂದ 1878ರವರೆಗಿನ ಘೋರ ಬರಗಾಲದಲ್ಲಿ ಬಳ್ಳಾರಿ ಜಿಲ್ಲೆಯು ಅತ್ಯಂತ ನೊಂದ ಪ್ರದೇಶಗಳಲ್ಲೊಂದು. ಪರಿಹಾರದ ಕಾಮಗಾರಿಗಳಲ್ಲಿ ಬಹುಭಾಗ ರಸ್ತೆ ಹಾಕುವುದು, ಜಲ್ಲಿ ಒಡೆಯುವುದು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಕೂಲಿಯನ್ನು ದಿನಕ್ಕೆ 1 ಪೌಂಡು ಧಾನ್ಯಕ್ಕೆ ಮತ್ತು ಕೊಂಚ ಕಾಸಿಗೆ ಇಳಿಸಿದಾಗ, ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್, ದುಡಿಯುವ ದೇಹಕ್ಕೆ ಇದು ಸಾಲದೆಂದು ಬಲವಾಗಿ ವಿರೋಧಿಸಿದನು. ಹಸಿದವರು ಮನೆಯಿಂದ ದೂರದ ಕೆಲಸದ ನೆಲೆಗಳಿಗೆ ನಡೆದೇ ಹೋಗಬೇಕಾಗಿತ್ತು. ತಾವು ಎಂದೂ ಗಾಡಿ ಏರದ ಜನರು ಗಾಡಿಗಳಿಗಾಗಿ ಹಾಸಿದ ನೆಲದ ಮೇಲೆ ಇಂದು ನಾವು ಓಡಾಡುತ್ತಿದ್ದೇವೆ. ರಸ್ತೆಯ ಲಕ್ಷಣದಲ್ಲಿ ಅವರ ಮೊಮ್ಮಕ್ಕಳ ನಡಿಗೆಗೆ ಒಂದು ಸಾಲು ಜಾಗವನ್ನಾದರೂ ಕೇಳಿದರೆ ಅದು ದಾನ ಬೇಡಿದಂತಲ್ಲ, ಸಾಲ ಕೇಳಿದಂತೆ.

ಮುಂದೆ 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಅಳತೆಗೋಲು ಇನ್ನೊಮ್ಮೆ ಬದಲಾಯಿತು. ಗಾಳಿ ಬೆಳಕು ಆಡುವ ಅಗಲ ಬೀದಿಗಳ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ಮಂಡಲಿ ಏರ್ಪಟ್ಟಿತು. ರೋಗವನ್ನು ಓಡಿಸಲು ಮಾಡಿದ ಅಗಲ ನಡೆಯುವವರಿಗೂ ಒದಗಿತು. ಆದರೆ ಎಲ್ಲ ಕಡೆಯೂ ಅಗಲವೇ ಮದ್ದೆಂದು ತಿಳಿದು ಹಳೆಯ ಕೇರಿಗಳನ್ನು ಕೆಡವಹೊರಟವರನ್ನು ತಡೆದವರೂ ಇದ್ದರು. ಬಳ್ಳಾರಿಯು ಇನ್ನೂ ಮದರಾಸು ಪ್ರಾಂತದಲ್ಲಿದ್ದ ಆ ಕಾಲದಲ್ಲಿ, 1914-15ರಲ್ಲಿ, ಆ ಪ್ರಾಂತದ ಊರುಗಳನ್ನು ಸುತ್ತಿದ ಪ್ಯಾಟ್ರಿಕ್ ಗೆಡ್ಡೀಸ್ ಎಂಬ ಪಂಡಿತನು, ಬೀದಿಯನ್ನು ಕೊಯ್ದು ನೇರಮಾಡುವುದಕ್ಕಿಂತ ಊರಿನ ಜೀವಕ್ಕೆ ನೋವಾಗದಂತೆ ಅಲ್ಲಲ್ಲಿ ಸ್ವಲ್ಪಸ್ವಲ್ಪವೇ ಬಿಡಿಸುವ ಚಿಕಿತ್ಸೆ ಮೇಲೆಂದು ವಾದಿಸಿದನು. 1920ರಲ್ಲಿ ಮದರಾಸಿನ ನಗರ ಯೋಜನಾ ಕಾಯಿದೆ ಬಂದಿತು. ಗೆಡ್ಡೀಸನ ಮಾತಿಗಿಂತ ಅಷ್ಟರಲ್ಲಿ ಮತ್ತೊಂದು ಸದ್ದು ಜೋರಾಗುತ್ತಿತ್ತು: ಮೋಟಾರಿನ ಹಾರನ್ನು.

ಮೋಟಾರು ಬಂದ ಮೇಲೆ ಹಳೆಯ ಜಲ್ಲಿ ರಸ್ತೆಗಳು ಪುಡಿಯಾಗತೊಡಗಿದವು. 1927ರಲ್ಲಿ ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ಅದರ ಸಲಹೆಯಂತೆ ಪೆಟ್ರೋಲಿನ ಮೇಲೆ ತೆರಿಗೆ ಹಾಕಿ 1929ರಲ್ಲಿ ಕೇಂದ್ರ ರಸ್ತೆ ನಿಧಿಯನ್ನು ಸ್ಥಾಪಿಸಿದರು. 1934ರ ಡಿಸೆಂಬರಿನಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಇಂಜಿನಿಯರರ ಸಂಸ್ಥೆ ಹುಟ್ಟಿತು. ನಮ್ಮ ರಸ್ತೆಗಳ ಲಕ್ಷಣಗ್ರಂಥಗಳನ್ನು ಇಂದಿಗೂ ಬರೆಯುತ್ತಿರುವುದು ಇದೇ ಸಂಸ್ಥೆ. ಹುಟ್ಟಿನ ಸಂದರ್ಭವನ್ನು ಗಮನಿಸಿ: ಹಣ ಪೆಟ್ರೋಲಿನದು, ಚಿಂತೆ ಮೋಟಾರಿನದು. ನಡೆಯುವವರು ಪೆಟ್ರೋಲು ಸುಡುವುದಿಲ್ಲ. ಆದ್ದರಿಂದ ಅವರು ಲೆಕ್ಕದ ಪುಸ್ತಕದಲ್ಲಿ ಬರುವುದಿಲ್ಲ. ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಾಗಿಲ್ಲ. ಎದುರಿಗಿದ್ದ ಸಮಸ್ಯೆಗೆ ಉತ್ತರ ಹುಡುಕುವಾಗ ಎದುರಿಗಿಲ್ಲದವರು ಮರೆತುಹೋಗುವುದು ಲೋಕರೂಢಿ.

ಪೂರ್ತಿ ಮರೆತರೆಂದರೂ ತಪ್ಪಾದೀತು. 1943ರ ನಾಗಪುರ ಯೋಜನೆಯು ರಸ್ತೆಗಳನ್ನು ರಾಷ್ಟ್ರೀಯ ಹೆದ್ದಾರಿಯಿಂದ ಹಳ್ಳಿಯ ರಸ್ತೆಯವರೆಗೆ ವರ್ಗಗಳಾಗಿ ವಿಂಗಡಿಸಿತು. ಬೇಸಾಯ ಚೆನ್ನಾಗಿರುವ ಸೀಮೆಯಲ್ಲಿ ಯಾವ ಹಳ್ಳಿಯೂ ಮುಖ್ಯ ರಸ್ತೆಯಿಂದ 5 ಮೈಲಿಗಿಂತ ದೂರವಿರಬಾರದೆಂದು ಅದರ ಗುರಿ. 1961ರಲ್ಲಿ ಆರಂಭವಾದ ಮುಂದಿನ ಯೋಜನೆ ಅದನ್ನು ಜಲ್ಲಿ ರಸ್ತೆಯಿಂದ 4 ಮೈಲಿಗೆ ತಂದಿತು. 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ, ಬಯಲುಸೀಮೆಯ ಊರೊಂದು ಸರ್ವಋತು ರಸ್ತೆಯಿಂದ 500 ಮೀಟರು ದೂರವಿದ್ದರೂ ಅದು ರಸ್ತೆಯಿಲ್ಲದ ಊರೆಂದು ಎಣಿಸಿದರು. ಐದು ಮೈಲಿಯ ನಡಿಗೆ ಅರ್ಧ ಕಿಲೋಮೀಟರಿಗೆ ಇಳಿದದ್ದು ಸಾಮಾನ್ಯವಾದ ಸಾಧನೆಯಲ್ಲ. ಆಸ್ಪತ್ರೆಗೆ ಬಸುರಿಯನ್ನು ಡೋಲಿಯಲ್ಲಿ ಹೊತ್ತ ಕಾಲವನ್ನು ಬಲ್ಲವರು ಹೆದ್ದಾರಿಯನ್ನು ಬೈಯಲಾರರು. ನಮ್ಮ ಮಾತು ರಸ್ತೆ ಬೇಡವೆಂದಲ್ಲ. ರಸ್ತೆಯವರೆಗಿನ ನಡಿಗೆ ಕಡಿಮೆಯಾಯಿತು, ರಸ್ತೆಯಲ್ಲಿನ ನಡಿಗೆ ಕಠಿನವಾಯಿತು ಎಂಬುದಷ್ಟೇ ನಮ್ಮ ಮಾತು.

ಅದು ಹೇಗೆಂದು ಲಕ್ಷಣಗ್ರಂಥದ ಒಳಹೊಕ್ಕು ನೋಡೋಣ. ಒಂದು ರಸ್ತೆಯಲ್ಲಿ ಸಂಚಾರವೆಷ್ಟಿದೆಯೆಂದು ಎಣಿಸಲು ಇಂಜಿನಿಯರರು ಕಾರನ್ನು ಮೂಲಮಾನವಾಗಿ ಇಟ್ಟುಕೊಂಡಿದ್ದಾರೆ. ನಗರದ ರಸ್ತೆಗಳಿಗಾಗಿ 1983ರಲ್ಲಿ ಹೊರಡಿಸಿದ ಕೋಷ್ಟಕದಲ್ಲಿ ಕಾರು 1, ಲಾರಿ, ಬಸ್ಸು 3, ಸೈಕಲ್ಲು ಅರ್ಧ, ದೊಡ್ಡ ಎತ್ತಿನ ಬಂಡಿ 8. ಎತ್ತಿನ ಬಂಡಿಗೆ ಇಷ್ಟು ಗೌರವವೇಕೆಂದು ಹಿಗ್ಗಬೇಡಿ. ಅದು ಎಂಟು ಕಾರುಗಳಷ್ಟು ಅಡ್ಡಿ ಮಾಡುತ್ತದೆಂದು ಅದರ ಅರ್ಥ. ನಡೆಯುವ ಮನುಷ್ಯರಿಗೆ ಆ ಕೋಷ್ಟಕದಲ್ಲಿ ಅಂಕಿಯೇ ಇಲ್ಲ. ಅಡ್ಡಿಯಾಗಿಯೂ ಅವರು ಎಣಿಕೆಗೆ ಬರಲಿಲ್ಲ.

ಇನ್ನು ಅಗಲ. ಎರಡು ಸಾಲಿನ ಹೆದ್ದಾರಿಗೆ ಡಾಂಬರಿನ ಪಟ್ಟಿ 7 ಮೀಟರು. ಎರಡು ಮಗ್ಗುಲಲ್ಲಿ ತಲಾ ಎರಡೂವರೆ ಮೀಟರಿನ ಮಣ್ಣಿನ ಅಂಚು. ಬಯಲುಸೀಮೆಯಲ್ಲಿ ಇದನ್ನು ರಚಿಸುವ ವೇಗ ಗಂಟೆಗೆ 80ರಿಂದ 100 ಕಿಲೋಮೀಟರು. ಲೆಕ್ಕ ರಸ್ತೆಯ ನಡುಗೆರೆಯಿಂದ ಆರಂಭವಾಗಿ ಹೊರಕ್ಕೆ ಹೋಗುತ್ತದೆ. ಮಣ್ಣಿನ ಅಂಚು ಕೆಟ್ಟುನಿಂತ ವಾಹನಕ್ಕೂ ಡಾಂಬರಿನ ಪಟ್ಟಿಗೆ ಆಸರೆಯಾಗಿಯೂ ಮೀಸಲು. ಅದು ಬರಿದಾಗಿದ್ದರೆ ನಡೆಯುವವರೂ ಹೋಗಬಹುದು. ಊರೊಳಗಣ ರಸ್ತೆಯನ್ನು ಅಗಲ ಮಾಡುವಾಗಲೂ ಇದೇ ಕ್ರಮವನ್ನು ಅನುಸರಿಸಿದರೆ ಏನಾಗುತ್ತದೆಂದು ನೀವೇ ಊಹಿಸಬಹುದು. ವಾಹನದ ಸಾಲುಗಳಿಗೆ ಪೂರ್ಣ ಅಳತೆ ಸಂದ ಮೇಲೆ ಮಿಕ್ಕದ್ದರಲ್ಲಿ ಚರಂಡಿ, ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರು, ಅಂಗಡಿಯ ಮೆಟ್ಟಿಲು; ಅದರಲ್ಲಿಯೂ ಮಿಕ್ಕದ್ದು ಕಾಲ್ನಡಿಗೆಗೆ. ಕೌಟಿಲ್ಯನ ಎರಡು ಮೊಳ ಹಕ್ಕಿನ ಜಾಗವಾಗಿತ್ತು. ಇದು ಉಳಿಕೆಯ ಜಾಗ.

ದಾಟುವ ಪ್ರಶ್ನೆ ಇನ್ನೂ ಗಹನವಾದುದು. ಗಟ್ಟಿಮುಟ್ಟಾದವರು ಸೆಕೆಂಡಿಗೆ 1.2 ಮೀಟರು ನಡೆದರೆ 7 ಮೀಟರನ್ನು ದಾಟಲು ಸುಮಾರು 6 ಸೆಕೆಂಡು ಬೇಕು. ಗಂಟೆಗೆ 80 ಕಿಲೋಮೀಟರಿನಲ್ಲಿ ಬರುವ ಕಾರು ಅಷ್ಟರಲ್ಲಿ 130 ಮೀಟರು ಬಂದಿರುತ್ತದೆ. ಮಂಡಿನೋವಿನ ಅಜ್ಜಿ ಸೆಕೆಂಡಿಗೆ 0.8 ಮೀಟರಿನಂತೆ ನಡೆದರೆ, ಆಕೆ ದಾಟುವಷ್ಟರಲ್ಲಿ ಕಾರು ಹತ್ತಿರ ಹತ್ತಿರ 200 ಮೀಟರು ಸಾಗಿರುತ್ತದೆ. ಎಂದರೆ 200 ಮೀಟರು ಆಚೆಗಿನ ವಾಹನದ ವೇಗವನ್ನು ಕಣ್ಣಳತೆಯಿಂದ ತಿಳಿದು ಆಕೆ ಹೆಜ್ಜೆಯಿಡಬೇಕು. ಕಣ್ಣಿಗೆ ಪೊರೆ ಬಂದವರಿಗೆ, ಏಳು ವರ್ಷದ ಮಗುವಿಗೆ ಇದು ಸಾಧ್ಯವೆ?

ಹಾಗಾದರೆ ದಾಟುವ ಪಟ್ಟೆಯನ್ನು ಎಲ್ಲಿ ಕೊಡಬೇಕು? 1988ರಲ್ಲಿ ಪ್ರಕಟವಾದ ಪಾದಚಾರಿ ಸೌಲಭ್ಯಗಳ ಸೂತ್ರಗಳು ಇದಕ್ಕೊಂದು ಗಣಿತವನ್ನು ಕೊಟ್ಟವು. ಗಂಟೆಗೆ ದಾಟುವ ಜನರ ಸಂಖ್ಯೆಯನ್ನು ವಾಹನಗಳ ಸಂಖ್ಯೆಯ ವರ್ಗದಿಂದ ಗುಣಿಸಿದಾಗ, ನಡುವೆ ಕಟ್ಟೆಯಿಲ್ಲದ ರಸ್ತೆಯಲ್ಲಿ 10 ಕೋಟಿಗೆ ಮೀರಬೇಕು. ಕಟ್ಟೆಯಿರುವ ರಸ್ತೆಯಲ್ಲಿ 20 ಕೋಟಿಗೆ. ಗಂಟೆಗೆ 500 ವಾಹನಗಳು ಹೋಗುವ ರಸ್ತೆಯನ್ನು ತೆಗೆದುಕೊಳ್ಳಿ. 500ರ ವರ್ಗ ಎರಡೂವರೆ ಲಕ್ಷ. 10 ಕೋಟಿ ಆಗಬೇಕಾದರೆ ಗಂಟೆಗೆ 400 ಜನ ದಾಟಬೇಕು. ಹಳ್ಳಿಯ ಶಾಲೆಯ ನೂರು ಮಕ್ಕಳು ಈ ಗಣಿತದಲ್ಲಿ ಉತ್ತೀರ್ಣರಾಗುವುದಿಲ್ಲ. ವಾಹನಗಳು 65 ಕಿಲೋಮೀಟರಿಗಿಂತ ವೇಗವಾಗಿ ಬರುವ ಕಡೆ, ತುಂಬಾ ಹೊತ್ತು ಕಾಯಬೇಕಾದ ಕಡೆ, ವರ್ಷಕ್ಕೆ ಐದು ಅಥವಾ ಹೆಚ್ಚು ಪಾದಚಾರಿ ಅಪಘಾತಗಳು ದಾಖಲಾದ ಕಡೆಗಳಲ್ಲೂ ಕೊಡಬಹುದೆಂದು ಅದೇ ಸೂತ್ರಗಳು ಹೇಳಿದ್ದುದನ್ನು ನ್ಯಾಯದೃಷ್ಟಿಯಿಂದ ಇಲ್ಲಿ ಸೇರಿಸಬೇಕು. ಆದರೂ ಗಣಿತದ ಒಂದು ಲೋಪ ಹಾಗೆಯೇ ಉಳಿಯಿತು. ಅದು ದಾಟುವವರನ್ನು ಎಣಿಸುತ್ತದೆ. ಹೆದರಿ ದಾಟದೆ ಉಳಿದವರನ್ನು ಎಣಿಸುವುದಿಲ್ಲ. ರಸ್ತೆ ಭಯಂಕರವಾದಷ್ಟೂ ದಾಟುವವರು ಕಡಿಮೆಯಾಗುತ್ತಾರೆ. ಕಡಿಮೆಯಾದಷ್ಟೂ ಇಲ್ಲಿ ಪಟ್ಟೆ ಬೇಕಿಲ್ಲವೆಂದು ಲೆಕ್ಕ ಹೇಳುತ್ತದೆ.

ಈ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿ ಜಿಲ್ಲೆಯವರು ಇದನ್ನು ಅನುಭವಿಸಿಯೇ ಕಂಡರು. ಸಂಡೂರು, ಹೊಸಪೇಟೆಗಳ ಅದಿರನ್ನು ಹೊತ್ತ ಲಾರಿಗಳ ಸಾಲು ಹಗಲಿರುಳು ಹರಿದಾಗ ರಸ್ತೆಯ ಅಂಚೇ ಕರಗಿಹೋಯಿತು. ಕೆಂಪು ಧೂಳಿನಲ್ಲಿ ದಾರಿ ಕಾಣದಾಯಿತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ತಡೆಹಿಡಿದಾಗ ಆ ಸಾಲು ನಿಂತಿತು. ಗಣಿಯ ಲಾಭನಷ್ಟದ ಮಾತು ಇಲ್ಲಿ ಬೇಡ. ಆ ವರ್ಷಗಳಲ್ಲಿ ಆ ರಸ್ತೆಗಳಲ್ಲಿ ನಡೆಯಬೇಕಾದವರು ಯಾವ ಕೋಷ್ಟಕದಲ್ಲಿಯೂ ಇರಲಿಲ್ಲವೆಂಬುದನ್ನು ಮಾತ್ರ ನೆನೆಯೋಣ.

ಕೋಷ್ಟಕದಲ್ಲಿ ಇಲ್ಲದವರು ಕಡೆಗೆ ಇನ್ನೊಂದು ಪಟ್ಟಿಯಲ್ಲಿ ಸೇರುತ್ತಾರೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ; ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ದಿನಕ್ಕೆ ಸುಮಾರು 90 ಜನ. ದೇಶದ ರಸ್ತೆಗಳ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ನೂರಕ್ಕೆ ಎರಡರಷ್ಟು ಮಾತ್ರ; ಸಾವಿನಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು. ಗಂಟೆಗೆ 50 ಕಿಲೋಮೀಟರಿನ ಬದಲು 65ರಲ್ಲಿ ಕಾರು ಬಡಿದರೆ ಪಾದಚಾರಿ ಸಾಯುವ ಸಂಭವ ನಾಲ್ಕೂವರೆ ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ವೇಗವು ಚಾಲಕನ ಕಾಲಿನಲ್ಲಿದೆಯೆಂಬುದು ಅರ್ಧ ಸತ್ಯ. ಅಗಲವಾದ, ನೇರವಾದ, ಅಡೆತಡೆಯಿಲ್ಲದ ರಸ್ತೆಯೇ ಆ ಕಾಲನ್ನು ಒತ್ತಿಸುತ್ತದೆ.

ಇದಕ್ಕೆ ಪರಿಹಾರವಿಲ್ಲವೆನ್ನಬೇಡಿ. ಬ್ರಿಟನ್ನಿನಲ್ಲಿ 1951ರಲ್ಲಿ ಕಪ್ಪುಬಿಳುಪಿನ ಜೀಬ್ರಾ ಪಟ್ಟೆ ಬಂದಿತು. ಅದರ ಮೇಲೆ ಕಾಲಿಟ್ಟವರಿಗೆ ಮೊದಲ ಹಕ್ಕು. ನೆದರ್ಲೆಂಡ್ಸಿನಲ್ಲಿ ಮಕ್ಕಳ ಸಾವಿನಿಂದ ರೊಚ್ಚಿಗೆದ್ದ ತಂದೆತಾಯಿಗಳು 1970ರ ದಶಕದಲ್ಲಿ ಬೀದಿಗಿಳಿದರು. 1976ರಲ್ಲಿ ಅಲ್ಲಿನ ಕಾನೂನು ವಸತಿಬೀದಿಗಳಲ್ಲಿ ನಡೆಯುವವರಿಗೆ ಬೀದಿಯ ಪೂರ್ಣ ಅಗಲವನ್ನೂ ಕೊಟ್ಟು, ವಾಹನವು ನಡಿಗೆಯ ವೇಗದಲ್ಲಿ ಹೋಗಬೇಕೆಂದು ವಿಧಿಸಿತು. ತೇರುಬೀದಿಯ ನ್ಯಾಯವೇ ಅಲ್ಲವೆ ಇದು? ನಮ್ಮ ಬೆಂಗಳೂರಿನಲ್ಲಿಯೂ ಕಳೆದ ದಶಕದಲ್ಲಿ ಟೆಂಡರ್‌ಶ್ಯೂರ್ ಎಂಬ ಹೆಸರಿನಲ್ಲಿ ಕೆಲವು ರಸ್ತೆಗಳನ್ನು ಹೊಸದಾಗಿ ಕಟ್ಟಿದರು. ವಾಹನದ ಸಾಲುಗಳಿಗೆ ಉದ್ದಕ್ಕೂ ಒಂದೇ ಅಗಲ ಕೊಟ್ಟು, ಮಿಕ್ಕ ಅಗಲವನ್ನು ಫುಟ್‌ಪಾತಿಗೆ ಬಿಟ್ಟು, ತಂತಿ ಕೊಳವೆಗಳನ್ನು ಅದರಡಿ ಹೂತರು. ಖರ್ಚು ಹೆಚ್ಚೆಂಬ ಆಕ್ಷೇಪ ಬಂದಿತು. ಆದರೆ ಅಲ್ಲಿ ಜನ ತಲೆಯೆತ್ತಿ ನಡೆಯುತ್ತಿದ್ದಾರೆ.

ಲಕ್ಷಣಗ್ರಂಥವೂ ಸುಮ್ಮನೆ ಕುಳಿತಿಲ್ಲ. 1988ರ ಸೂತ್ರಗಳನ್ನು 2012ರಲ್ಲಿ ತಿದ್ದಿದಾಗ, ವಸತಿಯ ಬೀದಿಯಲ್ಲಿಯೂ ಅಡ್ಡಿಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರು ಅಗಲ, ತಲೆಗೆ ತಾಗದಂತೆ 2.2 ಮೀಟರು ಎತ್ತರ, ಅಂಚುಗಲ್ಲು 150 ಮಿಲಿಮೀಟರಿಗಿಂತ ಎತ್ತರವಿರಬಾರದು ಎಂಬ ನಿಯಮಗಳು ಬಂದವು. 2022ರಲ್ಲಿ ಅದನ್ನು ಮತ್ತೆ ಪರಿಷ್ಕರಿಸಿದ್ದಾರೆ. 2025ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟು, ಫುಟ್‌ಪಾತಿನ ಮೇಲೆ ನಡೆಯುವ ಹಕ್ಕು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ಸಾರಿತು. ಎರಡು ಸಾವಿರ ವರ್ಷಗಳ ಹಿಂದಿನ ಎರಡು ಮೊಳ ಹೀಗೆ ಮತ್ತೊಮ್ಮೆ ಹಕ್ಕಾಗಿ ಬಂದಿದೆ, ಅಗಲವೂ ಇಮ್ಮಡಿಯಾಗಿದೆ. ಕಾಗದದಿಂದ ಅದು ನೆಲಕ್ಕೆ ಇಳಿಯಬೇಕಾಗಿದೆ.

ಇಳಿಸುವ ಕೆಲಸದಲ್ಲಿ ನಿಮಗೂ ಪಾಲಿದೆ. ನಾಳೆ ಬೆಳಿಗ್ಗೆ ದರ್ಜಿಯ ಟೇಪೊಂದನ್ನು ಹಿಡಿದು ಮನೆಯಿಂದ ಮಕ್ಕಳ ಶಾಲೆಯವರೆಗೆ ನಡೆಯಿರಿ. ಫುಟ್‌ಪಾತು ಎಷ್ಟು ಕಡೆ 1.8 ಮೀಟರಿದೆ, ಅಂಚುಗಲ್ಲು ಎಷ್ಟು ಕಡೆ ಒಂದು ಗೇಣನ್ನು ಮೀರಿದೆ, ಎಷ್ಟು ಕಡೆ ಕಂಬ ತಡೆಯುತ್ತದೆ, ನೆರಳು ಎಲ್ಲಿ ಮುಗಿಯುತ್ತದೆ ಎಂದು ಬರೆದುಕೊಳ್ಳಿ. ದಾಟುವವರ ಜೊತೆಗೆ, ದಾಟಲು ಹೆದರಿ ಮನೆಯಲ್ಲೇ ಉಳಿಯುವವರು ನಿಮ್ಮ ಬೀದಿಯಲ್ಲಿ ಎಷ್ಟು ಮಂದಿಯೆಂದು ಕೇಳಿ ತಿಳಿಯಿರಿ. ಆ ಹಾಳೆಯನ್ನು ವಾರ್ಡಿನ ಸದಸ್ಯರಿಗೋ ಪಂಚಾಯಿತಿಗೋ ಕೊಟ್ಟು ಉತ್ತರ ಕೇಳಿ. ರಸ್ತೆಯನ್ನು ಅಗಲ ಮಾಡುತ್ತೇವೆಂದು ಯಾರಾದರೂ ಬಂದಾಗ, ಸಂತೋಷವೆಂದು ಹೇಳಿ, ಅಳತೆಯನ್ನು ಅಂಚಿನಿಂದ ಆರಂಭಿಸಿರೆಂದು ಕೋರಿ. ಮೊದಲು ನಡೆಯುವವರ ಪಾಲು, ಮರದ ಪಾಲು. ಆಮೇಲೆ ವಾಹನದ ಪಾಲು.

ಹಲಕುಂದಿಯಂಥ ಊರಿನ ಹೆದ್ದಾರಿಯ ಅಂಚಿನಲ್ಲಿ ಹೊರೆ ಹೊತ್ತು ನಿಂತ ಹೆಂಗಸನ್ನು ನಾವು ಆರಂಭದಲ್ಲಿ ಕಂಡೆವು. ಆಕೆ ಇನ್ನೂ ಅಲ್ಲಿಯೇ ನಿಂತಿದ್ದಾಳೆ. ಹಳೆಯ ದಾರಿಯಲ್ಲಾಗಿದ್ದರೆ ಹೊರೆ ಇಳಿಸಲು ಆಕೆಯ ಹೆಗಲಿನೆತ್ತರಕ್ಕೆ ಯಾರೋ ಒಂದು ಕಲ್ಲು ನಿಲ್ಲಿಸಿರುತ್ತಿದ್ದರು. ಹೊಸ ದಾರಿಯನ್ನು ಕಟ್ಟುವವರು ಆಕೆಯ ಹೆಜ್ಜೆಯ ವೇಗವನ್ನು ಒಮ್ಮೆ ಅಳೆದು ನೋಡಿದರೆ ಸಾಕು, ಮಿಕ್ಕ ಅಂಕಿಗಳು ತಾವಾಗಿಯೇ ಸರಿಹೋಗುತ್ತವೆ.